880ರ ಮೇಲೆ ಸಾಲಿನ ಬಾಲ ಹುಡುಕಿದ್ದು: ಅಪಘಾತದ ಅಪಾಯ ಮೊದಲೇ ಹೇಳುವ ಮಾಡೆಲ್‌ನ ದಿನಚರಿ

ಅತ್ತಿಗೆಗೆ ಕೆಲಸ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡಿನಲ್ಲಿ, ಮನೆ ಫ್ರೀಮಾಂಟಿನಲ್ಲಿ. ನಡುವೆ ಇಂಟರ್‌ಸ್ಟೇಟ್ 880 ಹೆದ್ದಾರಿ. ಒಂದು ಸಂಜೆ ಮನೆಗೆ ಬರುವಾಗ ಹೇವರ್ಡ್ ಹತ್ತಿರ, 92ನೇ ಹೆದ್ದಾರಿ ಕೂಡುವ ಜಾಗ ದಾಟಿದ ಮೇಲೆ, ಮುಂದಿನ ಗಾಡಿಗಳು ದಿಢೀರನೆ ನಿಂತವು. ಅತ್ತಿಗೆ ಹೇಗೋ ನಿಲ್ಲಿಸಿದರು. ಹಿಂದಿನವರಿಗೆ ನಿಲ್ಲಿಸಲು ಆಗಲಿಲ್ಲ. ಕಾರಿನ ಹಿಂಭಾಗ ಅರ್ಧ ಒಳಕ್ಕೆ ಹೋಯಿತು. ಕುತ್ತಿಗೆ ನೋವು ಆರು ವಾರ ಇತ್ತು. "ಅಷ್ಟರಲ್ಲೇ ಹೋಯ್ತಲ್ಲ" ಅಂತ ಅಮ್ಮ ಹಾಸನದಿಂದ ಫೋನಿನಲ್ಲಿ ಅತ್ತರು.

ನನ್ನ ತಲೆಯಲ್ಲಿ ಕೂತದ್ದು ಅತ್ತಿಗೆ ಆ ರಾತ್ರಿ ಹೇಳಿದ ಮಾತು. "ಎಲ್ರೂ ಅರವತ್ತೈದು ಮೈಲಿ ಸ್ಪೀಡಲ್ಲಿ ಹೋಗ್ತಿದ್ವಿ ಕಣೋ. ಮುಂದೆ ನಿಂತಿದೆ ಅಂತ ಯಾರಿಗೂ ಗೊತ್ತೇ ಇರ್ಲಿಲ್ಲ."

ಗಾಡಿ ಓಡಿಸುತ್ತಿದ್ದ ಯಾರಿಗೂ ಗೊತ್ತಿರಲಿಲ್ಲ, ನಿಜ. ಆದರೆ ರಸ್ತೆಗೆ ಗೊತ್ತಿತ್ತು. 880ರ ಟಾರಿನ ಕೆಳಗೆ, ಪ್ರತಿ ಲೇನಿನಲ್ಲೂ, ಸುಮಾರು ಅರ್ಧ ಮೈಲಿಗೊಂದರಂತೆ ತಂತಿಯ ಸುರುಳಿ ಹೂತಿದ್ದಾರೆ. ಇದಕ್ಕೆ ಲೂಪ್ ಅನ್ನುತ್ತಾರೆ. ಒಂದು ಜಾಗದ ಎಲ್ಲ ಲೇನಿನ ಲೂಪ್‌ಗಳು ಸೇರಿದರೆ ಒಂದು ಸ್ಟೇಷನ್. ಮೇಲೆ ಕಬ್ಬಿಣದ ಗಾಡಿ ಬಂದರೆ ಲೂಪಿಗೆ ಗೊತ್ತಾಗುತ್ತದೆ. 30 ಸೆಕೆಂಡಿಗೊಮ್ಮೆ ಅದು ಎರಡು ಅಂಕಿ ಕಳಿಸುತ್ತದೆ. ಎಷ್ಟು ಗಾಡಿ ದಾಟಿದವು, ಅಷ್ಟು ಹೊತ್ತಿನಲ್ಲಿ ಲೂಪಿನ ಮೇಲೆ ಗಾಡಿ ಇದ್ದದ್ದು ಶೇಕಡ ಎಷ್ಟು ಹೊತ್ತು. ಎರಡನೆಯದಕ್ಕೆ ಆಕ್ಯುಪೆನ್ಸಿ ಅಂತ ಹೆಸರು. ರಸ್ತೆ ಎಷ್ಟು ತುಂಬಿದೆ ಅನ್ನುವುದರ ಅಳತೆ ಅದು.

ಈ ಅಂಕಿಗಳೆಲ್ಲ ಪೆಮ್ಸ್ ಅನ್ನುವ ವ್ಯವಸ್ಥೆಗೆ ಹೋಗುತ್ತವೆ. ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಪ್ರವೀಣ್ ವರೈಯ ಮತ್ತು ಅವರ ತಂಡ ಕಟ್ಟಿದ್ದು. ಈಗ ಕ್ಯಾಲಿಫೋರ್ನಿಯಾದ ಸಾರಿಗೆ ಇಲಾಖೆ ಕ್ಯಾಲ್‌ಟ್ರಾನ್ಸ್ ನಡೆಸುತ್ತಿದೆ. ಖಾತೆ ತೆರೆದರೆ ಯಾರು ಬೇಕಾದರೂ ಡೇಟಾ ಇಳಿಸಿಕೊಳ್ಳಬಹುದು, ದುಡ್ಡಿಲ್ಲ. ಸಾರ್ವಜನಿಕರ ರಸ್ತೆಯ ಅಂಕಿಗಳನ್ನು ಸಾರ್ವಜನಿಕರಿಗೇ ಕೊಟ್ಟಿದ್ದಾರಲ್ಲ, ಅದು ನನಗೆ ಬಹಳ ದೊಡ್ಡ ವಿಷಯ.

ಕೆಲಸ ಶುರು ಮಾಡುವ ಮೊದಲು ಹಳೆಯ ಪೇಪರ್‌ಗಳನ್ನು ಓದಿದೆ. ಈ ವಿಷಯದ ಬೇರು ಇದೇ ರಸ್ತೆಯಲ್ಲಿದೆ ಅಂತ ಆಗ ತಿಳಿಯಿತು. 1993ರಲ್ಲಿ ಬರ್ಕ್ಲಿಯವರು ಹೇವರ್ಡ್‌ನ 880ರ ಮೇಲೆ ಗಾಡಿಗಳನ್ನು ಸುತ್ತು ಹೊಡೆಸಿ, ಲೂಪಿನ ಅಂಕಿಗಳ ಜೊತೆಗೆ ಎಲ್ಲಿ ಏನು ಘಟನೆ ಆಯಿತು ಅಂತ ಬರೆದಿಟ್ಟರು. ಕೆಟ್ಟು ನಿಂತ ಗಾಡಿಗಳಿಗೆ ನೆರವಾಗುವ ಗಸ್ತು ಲಾರಿಗಳಿಂದ ಎಷ್ಟು ಉಪಯೋಗ ಅಂತ ನೋಡಲು ಮಾಡಿದ ಕೆಲಸ ಅದು. ಅದೇ ಡೇಟಾ ಹಿಡಿದು 2001ರಲ್ಲಿ ಚಿಯೋಲ್ ಓ, ಸ್ಟೀಫನ್ ರಿಚಿ ಮತ್ತಿತರರು ಅಪಘಾತಕ್ಕೆ ಮುಂಚಿನ ಐದು ನಿಮಿಷದಲ್ಲಿ ವೇಗದ ಏರಿಳಿತ ಜಾಸ್ತಿ ಇರುತ್ತದೆ ಅಂತ ತೋರಿಸಿದರು. 2004ರಲ್ಲಿ ಮೊಹಮ್ಮದ್ ಅಬ್ದೆಲ್-ಆಟಿ ಮತ್ತು ಸಂಗಡಿಗರು ಫ್ಲಾರಿಡಾದ ಆರ್ಲಾಂಡೋದಲ್ಲಿ, ಐ-4 ಹೆದ್ದಾರಿಯ ಮೇಲೆ, ಇನ್ನೂ ಖಚಿತವಾಗಿ ಹೇಳಿದರು. ಅಪಘಾತಕ್ಕೆ 5ರಿಂದ 10 ನಿಮಿಷ ಮೊದಲು, ಆ ಜಾಗಕ್ಕಿಂತ ಹಿಂದಿನ ಸ್ಟೇಷನ್‌ನ ಆಕ್ಯುಪೆನ್ಸಿ ಮತ್ತು ಮುಂದಿನ ಸ್ಟೇಷನ್‌ನ ವೇಗದ ಏರಿಳಿತ, ಇವೆರಡೇ ಎಲ್ಲಕ್ಕಿಂತ ಹೆಚ್ಚು ಸುಳಿವು ಕೊಡುತ್ತವೆ ಅಂತ.

ಅದನ್ನು ನಮ್ಮ 880ಕ್ಕೆ, ಈಗಿನ ಡೇಟಾಗೆ, ಮನೆಯ ಕಂಪ್ಯೂಟರಿನಲ್ಲಿ ಮಾಡಿ ನೋಡೋಣ ಅಂದುಕೊಂಡೆ.

ಮೊದಲ ಎರಡು ವಾರ: ಡೇಟಾ

ಫ್ರೀಮಾಂಟಿನ ಮಿಷನ್ ಬುಲೆವಾರ್ಡ್‌ನಿಂದ ಸ್ಯಾನ್ ಲಿಯಾಂಡ್ರೋದ ಕಡೆಗೆ, 238 ಕೂಡುವ ತನಕದ ಭಾಗ ಆರಿಸಿಕೊಂಡೆ. ಎರಡೂ ದಿಕ್ಕು. 2022ರಿಂದ ಈಚಿನ ಡೇಟಾ ಮಾತ್ರ. ಅದಕ್ಕೆ ಕಾರಣ ಇದೆ. 2020ರ ಅಕ್ಟೋಬರಿನಲ್ಲಿ ಇಲ್ಲಿ ಎಡಗಡೆಯ ಲೇನನ್ನು ಟೋಲ್ ಕಟ್ಟುವ ಎಕ್ಸ್‌ಪ್ರೆಸ್ ಲೇನ್ ಮಾಡಿದರು. ಜೊತೆಗೆ ಕೋವಿಡ್ ಕಾಲದ ಖಾಲಿ ರಸ್ತೆ. ಹಳೆಯ ವರ್ಷಗಳನ್ನು ಬೆರೆಸಿದರೆ ಬೇರೊಂದು ರಸ್ತೆಯನ್ನೇ ಬೆರೆಸಿದ ಹಾಗೆ.

ಪೆಮ್ಸ್‌ನಿಂದ ಎರಡು ಬಗೆಯ ಫೈಲ್ ತಂದೆ. 5 ನಿಮಿಷಕ್ಕೆ ಒಟ್ಟುಗೂಡಿಸಿದ್ದು ಒಂದು, 30 ಸೆಕೆಂಡಿನ ಕಚ್ಚಾ ಅಂಕಿ ಇನ್ನೊಂದು. ವೇಗದ ಏರಿಳಿತ ಬೇಕಾದರೆ ಕಚ್ಚಾ ಅಂಕಿಯೇ ಬೇಕು. 5 ನಿಮಿಷದ ಫೈಲಿನಲ್ಲಿ ಸರಾಸರಿ ಮಾತ್ರ ಉಳಿದಿರುತ್ತದೆ, ಏರಿಳಿತ ಒಳಗೇ ಕರಗಿಹೋಗಿರುತ್ತದೆ. ಎಲ್ಲವನ್ನೂ ದೊಡ್ಡ ಪಟ್ಟಿಗಳನ್ನು ಚಿಕ್ಕದಾಗಿ ಇಡುವ ಪಾರ್ಕೆ ಫೈಲ್ ಮಾಡಿ, ಡಕ್‌ಡಿಬಿ ಅನ್ನುವ ಡೇಟಾಬೇಸ್‌ನಲ್ಲಿ ಪ್ರಶ್ನೆ ಹಾಕುವಂತೆ ಇಟ್ಟುಕೊಂಡೆ. ಹಳೆಯ ಲ್ಯಾಪ್‌ಟಾಪ್ ಸಾಕಾಯಿತು.

ಅಪಘಾತದ ಪಟ್ಟಿ ಎರಡು ಕಡೆಯಿಂದ ಬಂತು. ಹೈವೇ ಪ್ಯಾಟ್ರೋಲ್ ಪೊಲೀಸರ ಕರೆ ದಾಖಲೆ ಪೆಮ್ಸ್ ಒಳಗೇ ಸಿಗುತ್ತದೆ. ಅದರಲ್ಲಿ 1179ರಿಂದ 1183ರ ತನಕದ ಕೋಡ್‌ಗಳು ಗುದ್ದಾಟದವು. ಆಂಬುಲೆನ್ಸ್ ಹೊರಟಿದೆ, ದೊಡ್ಡ ಗಾಯ, ಸಣ್ಣ ಗಾಯ, ಗಾಯವಿಲ್ಲ, ಗಾಯದ ವಿಷಯ ತಿಳಿದಿಲ್ಲ, ಹೀಗೆ. ಇನ್ನೊಂದು ಸ್ವಿಟರ್ಸ್ ಅನ್ನುವ ರಾಜ್ಯದ ಅಪಘಾತ ದಾಖಲೆ. ಪೊಲೀಸ್ ವರದಿಯ ಮೇಲೆ ನಿಂತದ್ದು. ತಡವಾಗಿ ಬರುತ್ತದೆ, ಆದರೆ ವಿವರ ಜಾಸ್ತಿ. ಹಿಂದಿನಿಂದ ಗುದ್ದಿದ್ದೋ, ಪಕ್ಕದಿಂದ ಸವರಿದ್ದೋ ಎಲ್ಲ ಇರುತ್ತದೆ.

ಇವನ್ನು ಲೂಪ್‌ಗಳ ಜೊತೆ ಜೋಡಿಸುವಾಗ ಮೂರು ದಿನ ಹಾಳಾಯಿತು. ಕ್ಯಾಲಿಫೋರ್ನಿಯಾದಲ್ಲಿ ಪೋಸ್ಟ್‌ಮೈಲ್ ಅನ್ನುವ ಅಳತೆ ಪ್ರತಿ ಕೌಂಟಿಯ ಗಡಿಯಲ್ಲಿ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. 880 ಸ್ಯಾನ್ ಹೋಸೆಯಿಂದ ಹೊರಟು ಸಾಂತಾ ಕ್ಲಾರಾ ಕೌಂಟಿಯಲ್ಲಿ ಹತ್ತು ಮೈಲಿ ಹೋಗಿ, ಆಮೇಲೆ ಅಲಮೀಡಾ ಕೌಂಟಿಗೆ ಬರುತ್ತದೆ. ಅಪಘಾತದ ದಾಖಲೆಯಲ್ಲಿ ಇರುವುದು ಕೌಂಟಿಯ ಲೆಕ್ಕ. ನಾನು ಪೆಮ್ಸ್‌ನಿಂದ ಎತ್ತಿಕೊಂಡದ್ದು ರಸ್ತೆಯ ಶುರುವಿನಿಂದ ಎಣಿಸಿದ ಲೆಕ್ಕ. ನನ್ನ ಮೊದಲ ನಕ್ಷೆಯಲ್ಲಿ ಹೇವರ್ಡ್‌ನ ಅಪಘಾತಗಳೆಲ್ಲ ಹತ್ತು ಮೈಲಿ ಹಿಂದಕ್ಕೆ ಸರಿದು, ಫ್ರೀಮಾಂಟಿಗೆ ಹೋಗಿ ಬಿದ್ದಿದ್ದವು. 92ರ ಹತ್ತಿರ ಏನೂ ಕಾಣದಿದ್ದಾಗ ಅನುಮಾನ ಬಂತು. ಅಲ್ಲಿ ಅತ್ತಿಗೆಯ ಕಾರೇ ಜಜ್ಜಿಹೋಗಿತ್ತಲ್ಲ. ಪೆಮ್ಸ್‌ನ ಸ್ಟೇಷನ್ ಪಟ್ಟಿಯಲ್ಲಿ ಎರಡೂ ಲೆಕ್ಕ ಇದೆ. ಸರಿಯಾದ ಕಾಲಂ ಹಿಡಿದರೆ ಮುಗಿಯಿತು.

ಮೂರನೇ ವಾರ: ಮಾಡೆಲ್ ಬಲು ಚೆನ್ನಾಗಿತ್ತು, ಅದೇ ತೊಂದರೆ

ಮೊದಲ ಮಾಡೆಲ್ ಸರಳ. ಪ್ರತಿ ಅಪಘಾತಕ್ಕೂ ಅದೇ ಜಾಗ, ವಾರದ ಅದೇ ದಿನ, ಅದೇ ಹೊತ್ತು ಇರುವ, ಆದರೆ ಅಪಘಾತವಿಲ್ಲದ ಐದು ಬೇರೆ ದಿನಗಳನ್ನು ಹುಡುಕಿ ಪಕ್ಕಕ್ಕೆ ಇಡುವುದು. ಮಂಗಳವಾರ ಸಂಜೆ 5:50ಕ್ಕೆ ಟೆನಿಸನ್ ರೋಡ್ ಹತ್ತಿರ ಅಪಘಾತ ಆಗಿದ್ದರೆ, ಬೇರೆ ಐದು ಮಂಗಳವಾರಗಳ 5:50. ಹೀಗೆ ಮಾಡಿದರೆ ಸಂಜೆ ದಟ್ಟಣೆ ಜಾಸ್ತಿ, ಅಲ್ಲಿ ರಸ್ತೆ ತಿರುವು ಅನ್ನುವಂಥ ಮಾಮೂಲಿ ಕಾರಣಗಳು ಎರಡೂ ಕಡೆ ಒಂದೇ ಆಗಿ ಕಳೆದುಹೋಗುತ್ತವೆ. ಆ ದಿನ, ಆ ಹೊತ್ತಿನಲ್ಲಿ ಬೇರೆ ಏನಿತ್ತು ಅನ್ನುವುದಷ್ಟೇ ಉಳಿಯುತ್ತದೆ. ಪೈಥಾನ್‌ನ ಸ್ಟ್ಯಾಟ್ಸ್‌ಮಾಡೆಲ್ಸ್ ಅನ್ನುವ ಲೈಬ್ರರಿಯಲ್ಲಿ ಇದಕ್ಕೆ ತಕ್ಕ ಲಾಜಿಸ್ಟಿಕ್ ಮಾಡೆಲ್, ಅಂದರೆ ಒಂದು ಘಟನೆ ಆಗುವ ಸಾಧ್ಯತೆ ಅಂದಾಜು ಮಾಡುವ ಮಾಡೆಲ್, ಸಿದ್ಧವಾಗಿಯೇ ಇದೆ.

ಫಲಿತಾಂಶ ನೋಡಿ ಕುರ್ಚಿಯಿಂದ ಎದ್ದೆ. ಅಪಘಾತವಾಗುವ ಹೊತ್ತು ಯಾವುದು, ಆಗದ ಹೊತ್ತು ಯಾವುದು ಅಂತ ಮಾಡೆಲ್ ಹೆಚ್ಚುಕಡಿಮೆ ಎಲ್ಲವನ್ನೂ ಸರಿಯಾಗಿ ಬೇರೆ ಮಾಡುತ್ತಿತ್ತು. ಇಪ್ಪತ್ತು ವರ್ಷದ ಸಂಶೋಧನೆಗಿಂತ ಚೆನ್ನಾಗಿ. ಅಡುಗೆಮನೆಗೆ ಓಡಿ ಹೆಂಡತಿಗೆ ಹೇಳಿದೆ. ಅವಳು ತರಕಾರಿ ಹೆಚ್ಚುತ್ತಾ ಒಂದೇ ಪ್ರಶ್ನೆ ಕೇಳಿದಳು: "ಅಪಘಾತ ಆದ ಟೈಮ್ ಯಾರು ಬರ್ಕೊಂಡಿದ್ದು?"

ಅಲ್ಲಿಗೆ ನಿಂತಿತು. ಪೊಲೀಸರ ಕರೆ ದಾಖಲೆಯಲ್ಲಿರುವುದು ಅಪಘಾತದ ಹೊತ್ತಲ್ಲ, ಕರೆ ಬಂದ ಹೊತ್ತು. ಗುದ್ದಿದ ಮೇಲೆ ಜನ ಸುಧಾರಿಸಿಕೊಂಡು, ಪಕ್ಕಕ್ಕೆ ಸರಿದು, ಫೋನ್ ತೆಗೆದು, ಆ ಕಡೆಯವರು ಎತ್ತಿ, ಜಾಗ ಕೇಳಿ ಬರೆದುಕೊಳ್ಳುವಷ್ಟರಲ್ಲಿ ನಿಮಿಷಗಳು ಹೋಗಿರುತ್ತವೆ. ಸ್ವಿಟರ್ಸ್ ದಾಖಲೆಯ ಹೊತ್ತುಗಳನ್ನು ಎಣಿಸಿ ನೋಡಿದೆ. ನಿಮಿಷದ ಜಾಗದಲ್ಲಿ 00, 15, 30, 45 ಎತ್ತರದ ಕಂಬಗಳಾಗಿ ನಿಂತಿದ್ದವು. ಅಪಘಾತಗಳು ಕಾಲುಗಂಟೆ ನೋಡಿಕೊಂಡು ಆಗುವುದಿಲ್ಲ. ಬರೆಯುವವರು ಅಂದಾಜಿಗೆ ಬರೆದಿದ್ದಾರೆ. ರಸ್ತೆಬದಿಯಲ್ಲಿ ಗಾಯಗೊಂಡವರ ಪಕ್ಕ ನಿಂತು ಬರೆಯುವವರನ್ನು ದೂರಲು ನನಗೆ ಮನಸ್ಸಿಲ್ಲ. ಆದರೆ ಮಾಡೆಲ್‌ಗೆ ಆ ಅಂಕಿಯನ್ನು ಹಾಗೇ ತಿನ್ನಿಸಬಾರದು.

ನನ್ನ ಮಾಡೆಲ್ ಮಾಡುತ್ತಿದ್ದದ್ದು ಇಷ್ಟೇ. "ಅಪಘಾತಕ್ಕೆ ಮುಂಚೆ" ಅಂತ ನಾನು ಕೊಟ್ಟ ಹೊತ್ತಿನಲ್ಲಿ ಅಪಘಾತ ಆಗಲೇ ಆಗಿಹೋಗಿತ್ತು. ಗಾಡಿಗಳು ನಿಂತಿದ್ದವು. ವೇಗ ಕುಸಿದಿತ್ತು. ಅದನ್ನು ನೋಡಿ "ಇಲ್ಲಿ ಅಪಘಾತ ಆಗುತ್ತೆ" ಅನ್ನುತ್ತಿತ್ತು. ಆಗಿದ್ದನ್ನು ಹೇಳುವುದು ಬೇರೆ, ಆಗಬಹುದಾದ್ದನ್ನು ಹೇಳುವುದು ಬೇರೆ. ಈ ವಿಷಯದಲ್ಲಿ ಯಾರಾದರೂ ಬಹಳ ದೊಡ್ಡ ಅಂಕಿ ತೋರಿಸಿದರೆ ನಾನು ಈಗ ಮೊದಲು ಕೇಳುವುದು ನನ್ನ ಹೆಂಡತಿ ಕೇಳಿದ ಪ್ರಶ್ನೆಯನ್ನೇ.

ನಾಲ್ಕರಿಂದ ಏಳನೇ ವಾರ: ಅಪಘಾತದ ನಿಜವಾದ ನಿಮಿಷ

ಇಡೀ ಕೆಲಸದ ಜೀವ ಇದೇ. ನಿಧಾನವಾಗಿ ಹೇಳುತ್ತೇನೆ.

ರಸ್ತೆಯಲ್ಲಿ ಗಾಡಿಗಳು ನಿಂತರೆ, ನಿಂತ ಸಾಲು ಹಿಂದಕ್ಕೆ ಬೆಳೆಯುತ್ತದೆ. ಗಾಡಿಗಳು ಮುಂದಕ್ಕೆ ಬರುತ್ತಿರುತ್ತವೆ, ಬ್ರೇಕಿನ ಅಲೆ ಹಿಂದಕ್ಕೆ ಹೋಗುತ್ತಿರುತ್ತದೆ. ಆ ಅಲೆ ಒಂದೊಂದೇ ಲೂಪ್ ಸ್ಟೇಷನ್ ದಾಟುವಾಗ ಅಲ್ಲಿ ವೇಗ ಬೀಳುತ್ತದೆ. ಎರಡು ಸ್ಟೇಷನ್‌ಗಳಲ್ಲಿ ಬಿದ್ದ ಹೊತ್ತು ಗೊತ್ತಾದರೆ ಅಲೆಯ ವೇಗ ಗೊತ್ತಾಗುತ್ತದೆ. ಅಲೆಯ ವೇಗ ಗೊತ್ತಾದರೆ ಅದು ಹುಟ್ಟಿದ ನಿಮಿಷವನ್ನೂ ಹಿಂದಕ್ಕೆ ಲೆಕ್ಕ ಹಾಕಬಹುದು.

ನನ್ನ ನೋಟ್‌ಬುಕ್‌ನ ಒಂದು ಲೆಕ್ಕ ಇಲ್ಲಿದೆ. ಅಪಘಾತದ ಜಾಗದಿಂದ 0.3 ಮೈಲಿ ಹಿಂದಿನ ಸ್ಟೇಷನ್‌ನಲ್ಲಿ ವೇಗ ಬಿದ್ದದ್ದು 5:46ಕ್ಕೆ. 0.8 ಮೈಲಿ ಹಿಂದಿನದರಲ್ಲಿ 5:49ಕ್ಕೆ. ಅರ್ಧ ಮೈಲಿಗೆ 3 ನಿಮಿಷ, ಅಂದರೆ ಅಲೆ ಗಂಟೆಗೆ 10 ಮೈಲಿ ವೇಗದಲ್ಲಿ ಹಿಂದಕ್ಕೆ ಹೋಗುತ್ತಿದೆ. 0.3 ಮೈಲಿ ಬರಲು ಸುಮಾರು 2 ನಿಮಿಷ. ಹಾಗಾದರೆ ಅಪಘಾತ ಆದದ್ದು 5:44ರ ಹೊತ್ತಿಗೆ. ಪೊಲೀಸ್ ದಾಖಲೆಯಲ್ಲಿ ಇದ್ದದ್ದು 5:51. ಏಳು ನಿಮಿಷದ ವ್ಯತ್ಯಾಸ. ದಾಖಲೆ ನಂಬಿ "ಹಿಂದಿನ 5 ನಿಮಿಷ" ತೆಗೆದುಕೊಂಡರೆ ಅದು ಪೂರ್ತಿ ಅಪಘಾತದ ನಂತರದ್ದು. "5ರಿಂದ 10 ನಿಮಿಷ ಮೊದಲು" ಅಂತ ಹುಷಾರಾಗಿ ತೆಗೆದುಕೊಂಡರೂ ಅದರಲ್ಲಿ 2 ನಿಮಿಷ ನಂತರದ್ದು ಸೇರಿಕೊಂಡಿರುತ್ತದೆ.

ಹಿಂದಿನ ಸ್ಟೇಷನ್ ಒಂದನ್ನೇ ನಂಬುವಂತಿಲ್ಲ. ಸಂಜೆಯ ಮಾಮೂಲಿ ಸಾಲೂ ಹಿಂದಕ್ಕೇ ಬೆಳೆಯುತ್ತದೆ. ಹಾಗಾಗಿ ಮುಂದಿನ ಸ್ಟೇಷನ್ ಕೂಡ ನೋಡಬೇಕು. ಅಪಘಾತದಿಂದ ಲೇನ್ ಮುಚ್ಚಿದ್ದರೆ ಮುಂದೆ ಹೋಗುವ ಗಾಡಿಗಳು ಕಡಿಮೆಯಾಗುತ್ತವೆ, ಹೋದವು ಆರಾಮಾಗಿ ವೇಗ ಹಿಡಿಯುತ್ತವೆ. ಹಿಂದೆ ವೇಗ ಕುಸಿತ, ಮುಂದೆ ಎಣಿಕೆ ಕುಸಿತ. ಎರಡೂ ಸಿಕ್ಕರೆ ಅದು ಅಪಘಾತದ ಗುರುತು. ಈ ಜೋಡಿಯನ್ನು ದಾಖಲೆಯ ಹೊತ್ತಿಗೆ 20 ನಿಮಿಷ ಹಿಂದಿನಿಂದ 5 ನಿಮಿಷ ಮುಂದಿನ ತನಕ ಹುಡುಕುವ ಕೋಡ್ ಬರೆದೆ. ಮೊದಮೊದಲು ಕೋಡ್ ಹೇಳಿದ್ದನ್ನು ನಂಬದೆ, ಒಂದೊಂದು ಅಪಘಾತದ ಚಿತ್ರವನ್ನೂ ಕಣ್ಣಿನಿಂದ ನೋಡಿದೆ. ಅಡ್ಡಕ್ಕೆ ಹೊತ್ತು, ಉದ್ದಕ್ಕೆ ರಸ್ತೆ, ಬಣ್ಣದಲ್ಲಿ ವೇಗ. ಹಸಿರು ಬಯಲಿನಲ್ಲಿ ಒಂದು ಚುಕ್ಕೆಯಿಂದ ಕೆಂಪು ತ್ರಿಕೋನ ಹಿಂದಕ್ಕೆ ಹರಡುತ್ತದೆ. ಪ್ರತಿ ತ್ರಿಕೋನದ ತುದಿಯಲ್ಲೂ ಯಾರೋ ಒಬ್ಬರ ಕೆಟ್ಟ ದಿನ ಇದೆ. ನೂರಾರು ಚಿತ್ರ ನೋಡಿದ ಮೇಲೂ ಅದು ಮರೆಯುವುದಿಲ್ಲ.

ಎಲ್ಲ ಅಪಘಾತಕ್ಕೂ ಗುರುತು ಸಿಗಲಿಲ್ಲ. ರಸ್ತೆ ಮೊದಲೇ ನಿಂತು ನಿಂತು ಹೋಗುತ್ತಿದ್ದರೆ ಹೊಸ ಅಲೆ ಕಾಣುವುದಿಲ್ಲ. ರಾತ್ರಿ ಎರಡು ಗಂಟೆಗೆ ಗಾಡಿಗಳೇ ಇಲ್ಲದಾಗ ಅಲೆಯೇ ಹುಟ್ಟುವುದಿಲ್ಲ. ಅವನ್ನೆಲ್ಲ ಬಿಸಾಡಿದರೆ ಚೆನ್ನಾಗಿ ಕಾಣುವ ಅಪಘಾತಗಳನ್ನಷ್ಟೇ ಕಲಿತ ಹಾಗಾಗುತ್ತದೆ. ಹಾಗಾಗಿ ಅವನ್ನು ಉಳಿಸಿಕೊಂಡೆ, ಆದರೆ ದಾಖಲೆಯ ಹೊತ್ತಿಗಿಂತ 15 ನಿಮಿಷ ಹಿಂದಕ್ಕೆ ಸರಿದು ಅಲ್ಲಿಂದಾಚೆಯ ಅಂಕಿ ತೆಗೆದುಕೊಂಡೆ. ಸ್ವಲ್ಪ ಸುಳಿವು ಕಳೆದುಹೋಗುತ್ತದೆ. ಪರವಾಗಿಲ್ಲ, ಸುಳ್ಳು ಸುಳಿವಿಗಿಂತ ಮೇಲು.

ಹೊತ್ತು ಸರಿಪಡಿಸಿ ಮತ್ತೆ ಓಡಿಸಿದೆ. ಮಾಡೆಲ್ ನೆಲಕ್ಕೆ ಇಳಿಯಿತು. ಸುಮ್ನೆ ಊಹಿಸುವುದಕ್ಕಿಂತ ಖಂಡಿತ ಮೇಲು, ಆದರೆ ಮೂರನೇ ವಾರದ ಪವಾಡ ಇಲ್ಲ. ಆ ರಾತ್ರಿ ನನಗೆ ಬೇಸರಕ್ಕಿಂತ ಸಮಾಧಾನವೇ ಜಾಸ್ತಿ ಆಯಿತು.

ಎಂಟನೇ ವಾರ: ಸತ್ತ ಲೂಪ್‌ಗಳು, ಉದ್ದದ ಲಾರಿಗಳು

ವಿಪ್ಪಲ್ ರೋಡ್ ಹತ್ತಿರದ ಒಂದು ಸ್ಟೇಷನ್ ಬಹಳ ಶಾಂತವಾಗಿತ್ತು. ಏರಿಳಿತವೇ ಇಲ್ಲ. ಮಾಡೆಲ್‌ಗೂ ಅದು ಇಷ್ಟವಾಗಿ, ಆ ಭಾಗ ಯಾವಾಗಲೂ ಕ್ಷೇಮ ಅನ್ನುತ್ತಿತ್ತು. 5 ನಿಮಿಷದ ಫೈಲಿನಲ್ಲಿ "ಶೇಕಡ ಎಷ್ಟು ನಿಜವಾಗಿ ನೋಡಿದ್ದು" ಅನ್ನುವ ಕಾಲಂ ಇದೆ. ಅದನ್ನು ನಾನು ಓದಿಯೇ ಇರಲಿಲ್ಲ. ಅಲ್ಲಿ ಸೊನ್ನೆ ಇತ್ತು. ಲೂಪ್ ಸತ್ತಿದೆ. ರಸ್ತೆಗೆ ಹೊಸ ಟಾರು ಹಾಕುವಾಗ ತಂತಿ ಕತ್ತರಿಸಿಹೋಗುವುದು ಮಾಮೂಲು. ಲೂಪ್ ಸತ್ತಾಗ ಪೆಮ್ಸ್ ಅಕ್ಕಪಕ್ಕದ ಲೂಪ್ ಮತ್ತು ಹಳೆಯ ದಿನಗಳ ಅಂಕಿ ನೋಡಿ ಜಾಗ ತುಂಬುತ್ತದೆ. ಟ್ರಾಫಿಕ್ ಎಷ್ಟಿದೆ ಅಂತ ಒಟ್ಟಾರೆ ತಿಳಿಯಬೇಕಾದವರಿಗೆ ಅದು ಒಳ್ಳೆಯದೇ. ನನ್ನ ಕೆಲಸಕ್ಕೆ ಮಾತ್ರ ವಿಷ. ತುಂಬಿದ ಅಂಕಿಯಲ್ಲಿ ಏರಿಳಿತ ಇರುವುದಿಲ್ಲ, ನಾನು ಹುಡುಕುತ್ತಿರುವುದೇ ಏರಿಳಿತ. ಮುಕ್ಕಾಲು ಪಾಲಿಗಿಂತ ಕಡಿಮೆ ನಿಜವಾಗಿ ನೋಡಿದ ಸಾಲುಗಳನ್ನೆಲ್ಲ ತೆಗೆದುಹಾಕಿದೆ. ಇದನ್ನು ಮಾಡಲು ಹೊರಟವರು ಮೊದಲ ದಿನವೇ ಈ ಕಾಲಂ ನೋಡಿ.

ಇನ್ನೊಂದು ವೇಗದ ವಿಷಯ. ಲೇನಿಗೆ ಒಂದೇ ಲೂಪ್ ಇರುವ ಜಾಗಗಳಿವೆ. ಒಂದೇ ಲೂಪಿಗೆ ವೇಗ ಅಳೆಯಲು ಬರುವುದಿಲ್ಲ, ಅಂದಾಜು ಮಾಡಬೇಕು. ಲೆಕ್ಕ ಸರಳ. 5 ನಿಮಿಷದಲ್ಲಿ, ಅಂದರೆ 300 ಸೆಕೆಂಡಿನಲ್ಲಿ, 120 ಗಾಡಿ ದಾಟಿದವು, ಆಕ್ಯುಪೆನ್ಸಿ ಶೇ. 9. ಅಂದರೆ ಲೂಪಿನ ಮೇಲೆ 27 ಸೆಕೆಂಡು ಗಾಡಿ ಇತ್ತು. ಗಾಡಿಯ ಉದ್ದಕ್ಕೆ ಲೂಪಿನ ಅಗಲವನ್ನೂ ಸೇರಿಸಿ ಸರಾಸರಿ 22 ಅಡಿ ಅಂದುಕೊಂಡರೆ, 120 ಗುಣಿಸು 22, ಅಂದರೆ 2640 ಅಡಿ. ಅದನ್ನು 27ರಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 98 ಅಡಿ, ಗಂಟೆಗೆ 67 ಮೈಲಿ. ಎಲ್ಲ ಆ 22 ಅಡಿಯ ಮೇಲೆ ನಿಂತಿದೆ.

880ರಲ್ಲಿ ಲಾರಿ ಜಾಸ್ತಿ. ಪಕ್ಕದ 580ರ ಓಕ್‌ಲ್ಯಾಂಡ್ ಭಾಗದಲ್ಲಿ ದೊಡ್ಡ ಲಾರಿಗಳಿಗೆ ಪ್ರವೇಶ ಇಲ್ಲ, ಓಕ್‌ಲ್ಯಾಂಡ್ ಬಂದರಿನ ಕಂಟೇನರ್ ಲಾರಿಗಳೂ ಇಲ್ಲೇ ಓಡಾಡುತ್ತವೆ. ಬೆಳಗಿನ ಜಾವ ಬಲಗಡೆಯ ಲೇನಿನಲ್ಲಿ ಸರಾಸರಿ ಉದ್ದ 40 ಅಡಿ ಆಯಿತು ಅಂದುಕೊಳ್ಳಿ. ನಿಜವಾಗಿ 60ರಲ್ಲಿ ಹೋಗುವ ಲಾರಿಗಳು 22 ಅಡಿಯ ಲೆಕ್ಕದಲ್ಲಿ 33ರಲ್ಲಿ ಹೋದಂತೆ ಕಾಣುತ್ತವೆ. ಬೆಳಗಿನ ಜಾವ 3ಕ್ಕೆ ನನ್ನ ಪರದೆಯ ಮೇಲೆ ಟ್ರಾಫಿಕ್ ಜಾಮ್! ಪೆಮ್ಸ್ ತನ್ನ 5 ನಿಮಿಷದ ವೇಗಕ್ಕೆ ಲೇನ್ ಲೇನಿಗೆ, ಹೊತ್ತು ಹೊತ್ತಿಗೆ ಬೇರೆ ಬೇರೆ ಉದ್ದ ಬಳಸುತ್ತದೆ. ಕಚ್ಚಾ ಅಂಕಿಗೆ ಎಲ್ಲ ಕಡೆ ಒಂದೇ ಉದ್ದ ಹಾಕಿದ್ದು ನಾನು. ಅವರ 5 ನಿಮಿಷದ ವೇಗದಿಂದ ಹಿಂದಕ್ಕೆ ಲೆಕ್ಕ ಹಾಕಿ ಪ್ರತಿ ಲೇನಿನ ಉದ್ದ ತೆಗೆದುಕೊಂಡೆ, ಅದನ್ನೇ 30 ಸೆಕೆಂಡಿನ ಅಂಕಿಗೆ ಹಾಕಿದೆ. 30 ಸೆಕೆಂಡಿನಲ್ಲಿ ಐದಕ್ಕಿಂತ ಕಡಿಮೆ ಗಾಡಿ ಇದ್ದರೆ ಆ ಅಂಕಿ ಬಿಟ್ಟೆ. ಮೂರು ಗಾಡಿಯಲ್ಲಿ ಒಂದು ಲಾರಿ ಇದ್ದರೆ ವೇಗ ಜೋಲಿ ಹೊಡೆಯುತ್ತದೆ, ಅದು ರಸ್ತೆಯ ಏರಿಳಿತ ಅಲ್ಲ.

ಮಾಡೆಲ್ ಒಳಗೆ ಉಳಿದದ್ದು

ಕೊನೆಗೆ ಐದು ಸಂಗತಿ ಉಳಿದವು. ಹಿಂದಿನ ಸ್ಟೇಷನ್‌ನ ಆಕ್ಯುಪೆನ್ಸಿ, ಮುಂದಿನ ಸ್ಟೇಷನ್‌ನ ವೇಗದ ಏರಿಳಿತ, ಎರಡರ ನಡುವಿನ ವೇಗದ ಅಂತರ, ಪಕ್ಕಪಕ್ಕದ ಲೇನುಗಳ ವೇಗದ ಅಂತರ, ಮತ್ತೆ ಮಳೆ. ಮಳೆಗೆ ಹೇವರ್ಡ್ ವಿಮಾನ ನಿಲ್ದಾಣದ ಹವಾಮಾನ ವರದಿ. ಹೆಚ್ಚು ಆಡಂಬರದ ಮಾಡೆಲ್‌ಗಳನ್ನೂ ಹಾಕಿ ನೋಡಿದೆ, ಸಿಕ್ಕಿದ್ದು ಅಷ್ಟಕ್ಕಷ್ಟೇ. 2022, 2023ರಲ್ಲಿ ಕಲಿಸಿ 2024ರಲ್ಲಿ ಪರೀಕ್ಷಿಸಿದೆ. ದಿನಗಳನ್ನು ಕಲಸಿ ಹಂಚಬಾರದು. ಒಂದೇ ಸಂಜೆಯ 5:40 ಕಲಿಕೆಗೆ, 5:45 ಪರೀಕ್ಷೆಗೆ ಬಿದ್ದರೆ ಉತ್ತರಪತ್ರಿಕೆ ತೋರಿಸಿದ ಹಾಗೆ.

ಒಂದು ಸಂಗತಿ ನನಗೆ ಹೊಸದು. ರಸ್ತೆ ಖಾಲಿ ಇದ್ದಾಗಲೂ ಅಲ್ಲ, ಪೂರ್ತಿ ನಿಂತಾಗಲೂ ಅಲ್ಲ, ಒಂದರಿಂದ ಇನ್ನೊಂದಕ್ಕೆ ಹೊರಳುವಾಗಲೇ ಅಪಾಯ ಮೇಲೇಳುತ್ತದೆ. ಹಿಂದೆ ಎಲ್ಲರೂ ಜೋರಾಗಿ ಬರುತ್ತಿದ್ದಾರೆ, ಮುಂದೆ ಸಾಲಿನ ಬಾಲ ಇವರ ಕಡೆಗೇ ಬರುತ್ತಿದೆ. ಅತ್ತಿಗೆ ಸಿಕ್ಕಿಕೊಂಡದ್ದು ಅಲ್ಲೇ. ಎಕ್ಸ್‌ಪ್ರೆಸ್ ಲೇನ್ 65ರಲ್ಲಿ, ಪಕ್ಕದ ಲೇನ್ 20ರಲ್ಲಿ ಇದ್ದಾಗ ಅಡ್ಡಕ್ಕೂ ಅಂಥದ್ದೇ ಒಂದು ಗಡಿ ಹುಟ್ಟುತ್ತದೆ.

ಹನ್ನೊಂದನೇ ವಾರ: ನೂರಕ್ಕೆ ನಲವತ್ತು

ಅತ್ತಿಗೆಗೆ ತೋರಿಸುವ ದಿನ ಬಂತು. ಭಾನುವಾರ, ಅಣ್ಣನ ಮನೆಯಲ್ಲಿ ಅಕ್ಕಿರೊಟ್ಟಿ. ಲ್ಯಾಪ್‌ಟಾಪ್ ಊಟದ ಮೇಜಿನ ಮೇಲಿಟ್ಟೆ. ಟೆನಿಸನ್ ಹತ್ತಿರದ ಒಂದು ತುಂಡು ಕೆಂಪಗಿತ್ತು. ಪಕ್ಕದಲ್ಲಿ 40 ಶೇಕಡ ಅಂತ ಬರೆದಿತ್ತು. ಅತ್ತಿಗೆ ಮುಖ ಬಿಳುಪಾಯಿತು.

"ಅಂದ್ರೆ ಐದು ಸಲ ಹೋದ್ರೆ ಎರಡು ಸಲ ಗುದ್ದುತ್ತಾ?"

ಇಲ್ಲ. ಹಾಗಿದ್ದರೆ 880ರಲ್ಲಿ ಯಾರೂ ಓಡಾಡುವಂತೆಯೇ ಇರಲಿಲ್ಲ. ಆ 40 ಬಂದದ್ದು ನಾನು ಕಟ್ಟಿದ ಪುಟ್ಟ ಲೋಕದಿಂದ. ಒಂದು ಅಪಘಾತದ ಪಕ್ಕ ಅಪಘಾತವಿಲ್ಲದ ಐದು ದಿನ ಇಟ್ಟಿದ್ದೆನಲ್ಲ, ಹಾಗಾಗಿ ಅಲ್ಲಿ ಪ್ರತಿ ಆರು ಹೊತ್ತಿನಲ್ಲಿ ಒಂದು ಅಪಘಾತ. ನಿಜದ ರಸ್ತೆ ಹಾಗಿಲ್ಲ. ಆ ಮಧ್ಯಾಹ್ನವೇ ಅಣ್ಣನ ಮಗಳ ಗಣಿತದ ಪುಸ್ತಕದ ಹಿಂದೆ ಲೆಕ್ಕ ಹಾಕಿದೆವು. ನಾನು ಆರಿಸಿದ ಭಾಗವನ್ನು ಸುಮಾರು 20 ಮೈಲಿ ಅಂದುಕೊಂಡು ಅರ್ಧ ಮೈಲಿಯ 40 ತುಂಡು ಮಾಡಿ. ದಿನಕ್ಕೆ 5 ನಿಮಿಷದ ಹೊತ್ತುಗಳು 288. ಗುಣಿಸಿದರೆ 11,520. ಒಂದು ದಿಕ್ಕಿನಲ್ಲಿ ದಿನಕ್ಕೆ ಎರಡು ಅಪಘಾತ ಅಂದುಕೊಂಡರೂ 5,760ರಲ್ಲಿ ಒಂದು. ಇದನ್ನು ಹಾಕಿ ಮಾಡೆಲ್‌ನ ಅಂಕಿ ತಿದ್ದಬೇಕು. ಅಪರೂಪದ ಘಟನೆಗಳಿಗೆ ಹೀಗೆ ತಿದ್ದುವ ಸೂತ್ರವನ್ನು ಗ್ಯಾರಿ ಕಿಂಗ್ ಮತ್ತು ಲಾಂಗ್‌ಚೆ ಝೆಂಗ್ 2001ರಲ್ಲಿ ವಿವರಿಸಿದ್ದಾರೆ. ತಿದ್ದಿದಾಗ ಆ 40 ಶೇಕಡ ಆದದ್ದು ಸುಮಾರು 1,700ರಲ್ಲಿ ಒಂದು. ಅದೂ ಅತ್ತಿಗೆಯ ಕಾರಿಗಲ್ಲ, ಆ ಐದು ನಿಮಿಷದಲ್ಲಿ ಅಲ್ಲಿ ದಾಟುವ ನೂರಾರು ಗಾಡಿಗಳಲ್ಲಿ ಯಾವುದೋ ಒಂದಕ್ಕೆ. ಈ ತಿದ್ದುವಿಕೆ ಅಡಿಪಾಯ. ಅದನ್ನು ಮಾಡದೆ ಒಬ್ಬರ ಮುಂದೆ ಅಂಕಿ ಇಟ್ಟು ಹೆದರಿಸಿದ್ದು ನನಗೆ ಇನ್ನೂ ಚುಚ್ಚುತ್ತದೆ.

ಅದೇ ಕಾಗದದ ಮೇಲೆ ಇನ್ನೊಂದು ಲೆಕ್ಕವೂ ಆಯಿತು. ಅತಿ ಅಪಾಯದ 5 ಶೇಕಡ ಹೊತ್ತಿಗೆ ಕೆಂಪು ದೀಪ ಹಾಕಿದರೆ ದಿನಕ್ಕೆ 576 ಸಲ ದೀಪ. ನಾಲ್ಕರಲ್ಲಿ ಒಂದು ಅಪಘಾತ ಅದರೊಳಗೆ ಬಿತ್ತು ಅಂದುಕೊಳ್ಳಿ. ಅಂದರೆ ಮಾಮೂಲಿಗಿಂತ ಐದು ಪಟ್ಟು, ಅಂಕಿ ಕೇಳಲು ಚೆನ್ನಾಗಿದೆ. ಆದರೆ ಸಾವಿರಕ್ಕೂ ಹೆಚ್ಚು ಸಲ ದೀಪ ಹತ್ತಿದರೆ ಒಂದು ಅಪಘಾತ. ಓಡಿಸುವವರು ಮೂರನೇ ದಿನಕ್ಕೇ ಆ ದೀಪ ನೋಡುವುದು ಬಿಡುತ್ತಾರೆ.

ಅತ್ತಿಗೆ ಕಾಗದ ನೋಡಿ ಹೇಳಿದರು: "ನಂಗೆ ಶೇಕಡ ಬೇಡ ಕಣೋ. ಸಾಲಿನ ಬಾಲ ಎಲ್ಲಿದೆ, ಯಾವ ಕಡೆ ಬರ್ತಿದೆ, ಅಷ್ಟು ಹೇಳು. ನಾನೇ ಕಾಲು ತೆಗೀತೀನಿ."

ಮೂರು ತಿಂಗಳಲ್ಲಿ ನನಗೆ ಹೊಳೆಯದ ಮಾತು ಅದು. ಮಾರನೆಯ ದಿನವೇ ಪರದೆಯಿಂದ ಶೇಕಡ ತೆಗೆದೆ. ಈಗ ಇರುವುದು ಎರಡೇ. ಸಾಲಿನ ಬಾಲ ಯಾವ ಎಕ್ಸಿಟ್ ಹತ್ತಿರ ಇದೆ, ಎಷ್ಟು ಬೇಗ ಹಿಂದಕ್ಕೆ ಬರುತ್ತಿದೆ. ಅಲೆಯ ಲೆಕ್ಕದ ಕೋಡ್ ಮೊದಲೇ ಇತ್ತಲ್ಲ, ಅದನ್ನೇ ತಿರುಗಿಸಿ ಬಳಸಿದೆ. ಅಪಾಯದ ಮಾಡೆಲ್ ಒಳಗೇ ಓಡುತ್ತದೆ. ಈ ಹೊತ್ತಿಗೆ ಮಾಮೂಲಿಗಿಂತ ಬಹಳ ಹೆಚ್ಚಾದಾಗ ಮಾತ್ರ ಬಾಲದ ಹೆಸರು ದಪ್ಪ ಅಕ್ಷರದಲ್ಲಿ ಬರುತ್ತದೆ.

ಮಂಡ್ಯದ ಗೆಳೆಯನೊಬ್ಬ ಇದನ್ನು ಕೇಳಿ, ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಗೆ ಹಾಕಲು ಆಗಲ್ವಾ ಅಂದ. ನನ್ನ ಮಾಡೆಲ್ ಅಂತೂ ಆಗುವುದಿಲ್ಲ. ಇದು ಕಲಿತಿರುವುದು ಲೂಪಿನ ಅಂಕಿಯಿಂದ, ಸಂಜೆಯ ಸಾಲುಗಳಿಂದ. ಅಲ್ಲಿ ಮೊದಲ ಪ್ರಶ್ನೆ ಖಾಲಿ ರಸ್ತೆಯ ವೇಗ. 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್‌ಗಳನ್ನು ಮುಖ್ಯ ರಸ್ತೆಯಿಂದ ಹೊರಗಿಟ್ಟ ಮೇಲೆ ಆ ರಸ್ತೆಯ ಸ್ವಭಾವವೇ ಬದಲಾಯಿತು. ಅಲ್ಲಿನದನ್ನು ಅಲ್ಲಿನ ಅಂಕಿಯಿಂದಲೇ, ಮೊದಲಿನಿಂದ ಕಟ್ಟಬೇಕು. ಯಾರಾದರೂ ಶುರು ಮಾಡಿದರೆ ಅಪಘಾತದ ನಿಮಿಷ ಸರಿಪಡಿಸುವ ಕೆಲಸಕ್ಕೆ ನಾನು ರಾತ್ರಿ ಕೂರಲು ಸಿದ್ಧ.

ಈಗ

ಈಗಿನದು ನೇರ ಓಟ ಅಲ್ಲ, ಮರು ಓಟ. ಪೆಮ್ಸ್‌ನ ದಿನದ ಫೈಲ್ ಸಿಕ್ಕ ಮೇಲೆ, ಆ ದಿನವನ್ನು 30 ಸೆಕೆಂಡಿನ ಹೆಜ್ಜೆಯಲ್ಲಿ ಓಡಿಸುತ್ತೇನೆ. ಕೋಡ್‌ಗೆ ಮುಂದಿನ ಹೊತ್ತು ಕಾಣದ ಹಾಗೆ ಬೀಗ ಹಾಕಿದೆ. ನೇರ ಓಟಕ್ಕೆ ಹೋಗುವ ಮೊದಲು ಒಂದು ಮಳೆಗಾಲವನ್ನಾದರೂ ಹೀಗೆ ದಾಟಿಸಬೇಕು. ಹೊಸದಾಗಿ ಮಳೆ ಬಿದ್ದ ದಿನದ 880 ಬೇರೆಯೇ ರಸ್ತೆ.

ಪರೀಕ್ಷೆಗೆ ಅತ್ತಿಗೆ ಸೇರಿಕೊಂಡಿದ್ದಾರೆ. ಮನೆ ತಲುಪಿ, ಕಾರು ನಿಲ್ಲಿಸಿದ ಮೇಲೆ, ಎಲ್ಲಿ ಜೋರಾಗಿ ಬ್ರೇಕ್ ಹಾಕಬೇಕಾಯಿತು ಅಂತ ಒಂದು ವಾಯ್ಸ್ ಮೆಸೇಜ್ ಕಳಿಸುತ್ತಾರೆ. ಫೈಲ್ ಬಂದಾಗ ನಾನು ಹೋಲಿಸುತ್ತೇನೆ. ಹೋದ ಗುರುವಾರದ್ದು: "ವಿಂಟನ್ ದಾಟಿ, 92ಕ್ಕೆ ಮುಂಚೆ. ಆರು ಗಂಟೆಗೆ ಐದು ನಿಮಿಷ ಇತ್ತು ಅನ್ಸುತ್ತೆ." ಮರು ಓಟದಲ್ಲಿ 5:53ಕ್ಕೆ ಬಾಲ ಜಾಕ್ಸನ್ ಸ್ಟ್ರೀಟ್ ಹತ್ತಿರ ಇತ್ತು, ವಿಂಟನ್ ಕಡೆಗೆ ಬರುತ್ತಿತ್ತು, ಹೆಸರು ದಪ್ಪ ಅಕ್ಷರದಲ್ಲಿತ್ತು. ಶುಕ್ರವಾರದ ಬ್ರೇಕ್ ಮಾತ್ರ ಕೋಡ್‌ಗೆ ಸಿಗಲಿಲ್ಲ. ಇಂಡಸ್ಟ್ರಿಯಲ್ ಪಾರ್ಕ್‌ವೇ ಹತ್ತಿರ ಎರಡು ಸ್ಟೇಷನ್ ಒಟ್ಟಿಗೇ ಸತ್ತಿವೆ, ನಡುವೆ ಒಂದೂವರೆ ಮೈಲಿ ಕುರುಡು. ಅಂಥ ಜಾಗದಲ್ಲಿ ಪರದೆ ಇನ್ನು ಮೇಲೆ ಹಸಿರು ತೋರಿಸಬಾರದು, ಬೂದು ಬಣ್ಣದಲ್ಲಿ "ಇಲ್ಲಿ ಕಾಣ್ತಿಲ್ಲ" ಅಂತ ಬರೆಯಬೇಕು. ಇವತ್ತು ರಾತ್ರಿಯ ಕೆಲಸ ಅದು.